ಡಾರ್ಡ್ರೆಕ್ಟಿನ ನದೀತೀರದಲ್ಲಿ

ಹಾಲೆಂಡಿನ ರಾಟರ್‌ಡ್ಯಾಮಿನಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಸಾಗಿದರೆ ಡಾರ್ಡ್ರೆಕ್ಟ್ ನಗರ ಸಿಗುತ್ತದೆ. ಮೂರು ನದಿಗಳು ಕೂಡುವ ಕಟ್ಟೆಯ ಮೇಲೆ ಇಳಿದು ಇಕ್ಕಟ್ಟಾದ ಬೀದಿಗಳಲ್ಲಿ ನಡೆದರೆ, ಕಟ್ಟಿ ಮುಗಿಸದೆ ಬಿಟ್ಟ ವಾಲುಗೋಪುರದ ಮಹಾ ಇಗರ್ಜಿ ಎದುರಾಗುತ್ತದೆ. ನಾನು ಹೋದದ್ದು ಹಳೆಯದೊಂದು ವಾಗ್ವಾದದ ನೆಲವನ್ನು ಕಾಣಲೆಂದು.

ಮುಕ್ತಿ ಹೊಂದುವವರನ್ನು ದೇವರು ಮೊದಲೇ ಆರಿಸಿರುವನೋ, ಅಥವಾ ಆತನ ಕೃಪೆಯನ್ನು ಒಪ್ಪುವ, ಒಲ್ಲೆನೆನ್ನುವ ಸ್ವಾತಂತ್ರ್ಯ ಮನುಷ್ಯನಿಗುಂಟೋ? ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಆರ್ಮಿನಿಯಸ್, ಕೃಪೆಯಿಲ್ಲದೆ ಗತಿಯಿಲ್ಲವೆಂದರೂ ಅದನ್ನು ಮನುಷ್ಯನು ನಿರಾಕರಿಸಬಲ್ಲನೆಂದರು. ಅವರ ಸಹೋದ್ಯೋಗಿ ಗೊಮಾರಸ್, ಆಯ್ಕೆ ದೇವರದು ಮಾತ್ರವೆಂದರು. ತಾಯಿಯನ್ನು ತಾನೇ ತಬ್ಬಿಕೊಳ್ಳುವ ಮಂಗನ ಮರಿ, ತಾಯಿಯೇ ಕಚ್ಚಿಕೊಂಡೊಯ್ಯುವ ಬೆಕ್ಕಿನ ಮರಿ—ಶ್ರೀವೈಷ್ಣವರ ಈ ಎರಡು ನ್ಯಾಯಗಳನ್ನು ಬಲ್ಲ ನಮ್ಮವರಿಗೆ ಪ್ರಶ್ನೆ ತೀರ ಅಪರಿಚಿತವಲ್ಲ.

ಆರ್ಮಿನಿಯಸ್ 1609ರಲ್ಲಿ ತೀರಿಕೊಂಡರೂ ವಾದ ತಣಿಯಲಿಲ್ಲ. 1618ರ ನವೆಂಬರ್ 13ರಂದು ಈ ಊರಿನಲ್ಲಿ ಮಹಾಸಭೆ ನೆರೆಯಿತು. ಬ್ರಿಟನ್, ಜರ್ಮನಿ, ಸ್ವಿಟ್ಸರ್ಲೆಂಡುಗಳಿಂದಲೂ ಪಂಡಿತರು ಬಂದರು. ಬಾಸೆಲ್ ನಗರದವರೂ ಅವರಲ್ಲಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳನ್ನು ಕಳುಹಿಸಿದ ಊರು ಅದೇ ಎಂಬುದು ನೆನಪಾದಾಗ, ದೂರದ ಆ ಸಭೆ ತುಸು ಹತ್ತಿರವಾದಂತೆ ತೋರಿತು. ಸಭೆ ಕೂಡಿದ ಕಟ್ಟಡ ಇಂದಿಲ್ಲ. 1619ರ ಮೇ 6ರಂದು ತೀರ್ಪನ್ನು ಓದಿದ ಈ ಇಗರ್ಜಿ ಮಾತ್ರ ಉಳಿದಿದೆ.

ತೀರ್ಪು ದೇವರ ಆಯ್ಕೆಯ ಪಕ್ಷವನ್ನೇ ಹಿಡಿಯಿತು. ಆದರೆ ಅದರೊಳಗೊಂದು ವಿಧಿ ನನ್ನ ಮನಸ್ಸನ್ನು ತಟ್ಟಿತು: ಶೈಶವದಲ್ಲೇ ಅಗಲಿದ ತಮ್ಮ ಮಕ್ಕಳ ಸದ್ಗತಿಯನ್ನು ಭಕ್ತರಾದ ತಂದೆತಾಯಿಗಳು ಸಂಶಯಿಸಬಾರದೆಂದು ಅದು ಹೇಳುತ್ತದೆ. ಕಠೋರವೆಂದು ಹೆಸರಾದ ಸಿದ್ಧಾಂತಿಗಳೂ ಬರಿದಾದ ತೊಟ್ಟಿಲಿನ ಮುಂದೆ ದನಿ ತಗ್ಗಿಸಿದ್ದರು. ಮುಕ್ತಿಯ ಭಾರ ದುರ್ಬಲನ ಹೆಗಲಿನದಲ್ಲವೆಂಬ ನೆಮ್ಮದಿಯೇ ಅವರ ವಾದದ ಸತ್ವವೆಂದು ಅಲ್ಲಿ ನನಗೆ ತಿಳಿಯಿತು.

ಆ ಮೃದುತ್ವ ಎದುರಾಳಿಗಳಿಗೆ ದೊರೆಯಲಿಲ್ಲ. ರಾಜಕೀಯವೂ ಬೆರೆತಿದ್ದ ಈ ಕಲಹದಲ್ಲಿ ಅವರ ಪರ ನಿಂತಿದ್ದ ವೃದ್ಧ ಮುತ್ಸದ್ದಿ ಓಲ್ಡೆನ್‌ಬಾರ್ನೆವೆಲ್ಟರ ಶಿರಚ್ಛೇದ ಹೇಗ್ ನಗರದಲ್ಲಿ ಮೇ 13ರಂದು, ತೀರ್ಪು ಓದಿದ ಒಂದೇ ವಾರದಲ್ಲಿ, ನಡೆಯಿತು. ಸುಮಾರು 200 ಬೋಧಕರು ಹುದ್ದೆ ಕಳೆದುಕೊಂಡರು. ನ್ಯಾಯಶಾಸ್ತ್ರಜ್ಞ ಗ್ರೋಷಿಯಸ್ ಲೂವೆಸ್ಟೈನ್ ಕೋಟೆಯಲ್ಲಿ ಸೆರೆಯಾದರು. 1621ರಲ್ಲಿ ಮಡದಿಯ ಜಾಣ್ಮೆಯಿಂದ ಪುಸ್ತಕದ ಪೆಟ್ಟಿಗೆಯೊಳಗೆ ಅಡಗಿ ಪಾರಾದರು. ದೇಶದ ಆಡಳಿತದ ಚುಕ್ಕಾಣಿ ಹಿಡಿದಿದ್ದ ಮಾರಿಸ್ 1625ರಲ್ಲಿ ಗತಿಸಿದ ಮೇಲೆ ಹಿಂಸೆ ಸಡಿಲವಾಯಿತು. ಆರ್ಮಿನಿಯಸರ ಅನುಯಾಯಿಗಳ ಸಭೆ ಆ ನಾಡಿನಲ್ಲಿ ಇಂದಿಗೂ ಇದೆ.

ಸಂಜೆ ಮರಳಿ ಕಟ್ಟೆಗೆ ಬಂದೆ. ಲೂವೆಸ್ಟೈನಿನ ಬುಡವನ್ನು ತೊಳೆದು ಬರುವ ನೀರೇ ಇಲ್ಲಿ ಹರಿಯುತ್ತದೆ. ದೇವರ ಚಿತ್ತ ಯಾವುದೆಂದು ನಿರ್ಣಯಿಸುವ ಶಕ್ತಿ ನನ್ನಂಥವನಿಗಿಲ್ಲ. ಆದರೆ ಒಂದೇ ಗ್ರಂಥವನ್ನೋದಿ ಬೇರೆ ಅರ್ಥ ಕಂಡವನನ್ನು ಊರು ಬಿಡಿಸಿದ್ದು ಮನುಷ್ಯರ ಆಯ್ಕೆಯೆಂಬುದರಲ್ಲಿ ಸಂದೇಹವಿಲ್ಲ. ದೋಣಿಯ ಗಂಟೆ ಬಾರಿಸಿತು, ಹತ್ತಿದೆ.