ಎದೆ ಝಲ್ಲೆಂದಾಗ

ಮಂಡ್ಯದಿಂದ ಮದ್ದೂರಿನತ್ತ ಒಳರಸ್ತೆ ಹಿಡಿದರೆ ಎರಡೂ ಬದಿ ಕಬ್ಬು, ಭತ್ತದ ಗದ್ದೆ. ಕಬ್ಬಿನ ಗಾಡಿಯ ಪಕ್ಕದಲ್ಲೇ ಲಾರಿ ಹಾರನ್ ಹೊಡೆದರೆ ಗಾಡಿಯವರು ‘ಎತ್ತು ಬೆದರ್ತವೆ ಕಣಪ್ಪೋ’ ಎಂದು ಕೂಗುತ್ತಾರೆಯೇ ಹೊರತು ‘ಅಂಜುತ್ತವೆ’ ಎನ್ನುವುದಿಲ್ಲ.

ನಮ್ಮ ಸೀಮೆಯಲ್ಲಿ ಭಯಕ್ಕೆ ಒಂದೇ ಹೆಸರಿಲ್ಲ. ತಟ್ಟನೆ ಆದರೆ ಬೆಚ್ಚುವುದು. ಮುಂದೇನೋ ಎಂದು ಒಳಗೊಳಗೇ ಕೊರೆದರೆ ದಿಗಿಲು. ಏನು ಮಾಡಲೂ ತೋಚದಿದ್ದರೆ ಗಾಬರಿ. ಹಿರಿಯರ ಮುಂದೆ ಮಾತು ತಡೆದರೆ ಅಂಜಿಕೆ, ಅದರಲ್ಲಿ ಗೌರವವೂ ಸೇರಿದೆ. ಹೊಲದ ಬೆದರುಬೊಂಬೆಗೆ ಬೆರ್ಚಪ್ಪ ಎಂಬ ಹೆಸರೂ ಉಂಟು. ಹಳಗನ್ನಡದ ‘ಬೆರ್ಚು’ ಎಂದರೆ ಹೆದರು. ಅದೇ ಇಂದಿನ ‘ಬೆಚ್ಚು’.

ಮದ್ದೂರಿನಲ್ಲಿ ವಡೆ ತಿಂದು, ಮಳವಳ್ಳಿ ದಾಟಿ ಗಗನಚುಕ್ಕಿಗೆ ಹೋಗಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು ಈ ಶಿವನಸಮುದ್ರದಿಂದಲೇ. ಮಳೆಗಾಲದಲ್ಲಿ ಇಲ್ಲಿ ನಿಂತು ಕೆಳಗೆ ನೋಡಿದವರ ಮಾತು ಕೇಳಿ: ‘ಎದೆ ಝಲ್ ಅಂದ್ಬುಡ್ತು ಕಣ್ಲಾ’, ‘ಕೈಕಾಲು ತಣ್ಣಗಾದೋ’, ‘ಬಾಯಿ ಒಣಗೋಯ್ತು’, ‘ಮೈ ಜುಮ್ಮಂತು’.

ಇವು ಉತ್ಪ್ರೇಕ್ಷೆಯಲ್ಲ. ಹೆದರಿದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ಜೋರಾಗಿ ಬಡಿಯುತ್ತದೆ. ಚರ್ಮದ ರಕ್ತನಾಳಗಳು ಕಿರಿದಾಗಿ ಕೈಕಾಲು ತಣ್ಣಗಾಗುತ್ತವೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ರೋಮದ ಬುಡದ ಪುಟ್ಟ ಸ್ನಾಯುಗಳು ಬಿಗಿದು ರೋಮ ನಿಮಿರುತ್ತದೆ. ಓಡುವುದಕ್ಕೋ ಎದುರಿಸುವುದಕ್ಕೋ ದೇಹ ನಡೆಸುವ ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ನಮ್ಮ ಅವ್ವಂದಿರು ತಮ್ಮ ಮೈಯನ್ನೇ ಗಮನಿಸಿ ಅದನ್ನು ಮಾತಾಗಿಸಿದ್ದರು.

ಮಳವಳ್ಳಿ ತಾಲ್ಲೂಕಿನದೇ ಮುತ್ತತ್ತಿಯಲ್ಲಿ ಕಾವೇರಿಯ ಸುಳಿಗೆ ಸಿಕ್ಕಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಅಲ್ಲಿ ನೀರಿಗಿಳಿಯುವ ಮುನ್ನ ಹುಟ್ಟುವ ಅಂಜಿಕೆ ಪುಕ್ಕಲುತನವಲ್ಲ; ಅದು ಕಾವಲು.

ಪರೀಕ್ಷೆಯ ಭಯದ ಬಗೆಯೇ ಬೇರೆ. ಇಂದಿನ ಮಕ್ಕಳು ಎಲ್ಲದಕ್ಕೂ ‘ಟೆನ್ಷನ್’ ಎಂದುಬಿಡುತ್ತಾರೆ. ಆ ಒಂದು ಮಾತಿನಿಂದ ಮನೆಯವರಿಗೆ ಏನೂ ತಿಳಿಯದು. ಪ್ರಶ್ನೆಪತ್ರಿಕೆ ಕಂಡು ಗಾಬರಿಯಾದ ಮಗುವಿಗೆ ಒಂದು ಗುಟುಕು ನೀರು, ಎರಡು ನಿಮಿಷದ ಬಿಡುವು ಸಾಕಾದೀತು. ವಾರಗಟ್ಟಲೆ ದಿಗಿಲು ಹೊತ್ತು ತಿರುಗುವ ಮಗುವಿಗೆ ಪಕ್ಕದಲ್ಲಿ ಕೂತು ಕೇಳುವ ತಂದೆತಾಯಿ ಬೇಕು. ಆದ್ದರಿಂದ ‘ಹೆದರ್ಕೋಬೇಡ’ ಎನ್ನುವ ಮೊದಲು ‘ಏನಾಯ್ತಾ ಅದೆ ಮಗ?’ ಎಂದು ಕೇಳಿ. ಉತ್ತರಕ್ಕೆ ಬೇಕಾದ ಮಾತುಗಳು ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿವೆ. ಅವನ್ನು ಮಕ್ಕಳ ಬಾಯಿಗೆ ದಾಟಿಸುವ ಕೆಲಸ ನಮ್ಮದು.