ಮಾಘದ ಹೊಲ, ಮಾಗಡಿಯ ಅತಿಥಿಗಳು

ಶಾಸನಗಳಲ್ಲಿ ಪುಲಿಗೆರೆ ಎಂದು ಹೆಸರಾದ ಲಕ್ಷ್ಮೇಶ್ವರಕ್ಕೆ ಸಮೀಪದಲ್ಲಿ, ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ, ಮಾಗಡಿ ಎಂಬ ಗ್ರಾಮವಿದೆ. ಬೆಂಗಳೂರಿನ ಬಳಿಯ ಮಾಗಡಿಯೇ ಬೇರೆ, ಇದೇ ಬೇರೆ. ಈ ಊರಿನ ಕೆರೆಗೆ ಪ್ರತಿವರ್ಷ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್, ಲಡಾಖ್‌ಗಳ ಎತ್ತರದ ಸರೋವರಗಳ ದಡದಲ್ಲಿ ಮರಿಮಾಡುವ ಹಕ್ಕಿಗಳಿವು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡುಬಂದಿವೆ. ಹಿಮಾಲಯವನ್ನು ದಾಟುವಾಗ ಇವು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲೆಯಾಗಿದೆ. ತೆಳುಗಾಳಿಯಲ್ಲಿಯೂ ಪ್ರಾಣವಾಯುವನ್ನು ಹಿಡಿದಿಟ್ಟುಕೊಳ್ಳುವ ವಿಶೇಷ ಶಕ್ತಿಯನ್ನು ಪ್ರಕೃತಿ ಇವುಗಳ ರಕ್ತಕ್ಕೆ ಕರುಣಿಸಿದೆ.

ಮಾಘಮಾಸದ ಒಂದು ಶನಿವಾರ, ರವಿವಾರಗಳನ್ನು ನಾವು ಈ ಸೀಮೆಯಲ್ಲಿರುವ ನಮ್ಮ ಮನೆತನದ ಎರೆಹೊಲದಲ್ಲಿ ಕಳೆದೆವು. ಸಾಗುವಳಿ ತಮ್ಮನ ಮಗನದು. ಬಲಿತ ಕಡಲೆಯನ್ನು ನಸುಕಿನಲ್ಲಿ, ಇಬ್ಬನಿ ಆರುವ ಮೊದಲೇ ಕೀಳಬೇಕು. ಬಿಸಿಲೇರಿದರೆ ಕಾಯಿ ಉದುರುತ್ತದೆ. ಇಬ್ಬನಿಯಲ್ಲಿ ಕಲೆತ ಕಡಲೆಯ ಹುಳಿ ಬೆರಳಿನ ಬಿರುಕುಗಳಿಗಿಳಿದು ಉರಿಯುತ್ತದೆ. ಮಠದ ಪಾಠಶಾಲೆಯಲ್ಲಿ ಓಲೆಗರಿ ತಿರುವಿದ ನಮ್ಮ ಕೈಗಳಿಗೆ ನಾಲ್ಕು ಸಾಲು ಮುಗಿಯುವಷ್ಟರಲ್ಲಿಯೇ ಅದರ ಅರಿವಾಯಿತು. ಜೋಳದ ಹೊಲದ ಅಂಚಿಗೆ ದನಗಳು ನುಗ್ಗದಂತೆ ಬಿತ್ತಿದ್ದ ಕುಸುಬೆಯ ಮುಳ್ಳು ಒಣಗಿ ಬಿರುಸಾಗಿತ್ತು. ಮಧ್ಯಾಹ್ನ ಎಲ್ಲರೂ ಸೇರಿ, ಮಳೆಗಾಲದಲ್ಲಿ ಕೊಚ್ಚಿಹೋಗಿದ್ದ ಒಡ್ಡಿಗೆ ಮಣ್ಣು ಕಲ್ಲು ಏರಿಸಿದೆವು.

ಸಂಜೆ ಮಕ್ಕಳನ್ನು ಕರೆದುಕೊಂಡು ಕೆರೆಯ ದಂಡೆಗೆ ಹೋದೆವು. ಬಣ್ಣದ ಕೊಕ್ಕರೆಗಳು ದಡದ ಕೆಸರಿನಲ್ಲಿ ನಿಂತಿದ್ದವು. ನಡುನೀರಿನಲ್ಲಿ ಬೂದುಬಣ್ಣದ ಹೆಬ್ಬಾತುಗಳ ಹಿಂಡು. ಬಿಳಿಯ ತಲೆಯ ಹಿಂಬದಿಗೆ ಅಡ್ಡಲಾಗಿ ಎರಡು ಕಪ್ಪು ಪಟ್ಟೆಗಳು. "ಅಜ್ಜಾ, ಇವು ಕರಿ ವಿಭೂತಿ ಹಚ್ಚಿಕೊಂಡಾವ!" ಎಂದಳು ಮೊಮ್ಮಗಳು. ಹೊತ್ತು ಮುಳುಗುತ್ತಿದ್ದಂತೆ ಹಿಂಡು ಹಿಂಡಾಗಿ ಎದ್ದು, ಕೂಗುತ್ತ, ಸುತ್ತಲಿನ ಹೊಲಗಳ ಕಡೆಗೆ ಹಾರಿದವು. ಹಗಲು ಕೆರೆಯಲ್ಲಿ ವಿಶ್ರಾಂತಿ, ಇರುಳು ಹೊಲದಲ್ಲಿ ಆಹಾರ, ಇದು ಅವುಗಳ ದಿನಚರಿ.

ಆ ಆಹಾರ ಯಾರದೆಂಬುದು ರವಿವಾರ ಬೆಳಗ್ಗೆ ಕಣ್ಣಿಗೆ ಕಂಡಿತು. ತಡವಾಗಿ ಬಿತ್ತಿ ಇನ್ನೂ ಹಸಿರಾಗಿದ್ದ ಕಡಲೆಯ ಒಂದು ಮಗ್ಗುಲು ಕುಡಿಗಳಿಲ್ಲದೆ ಬೋಳಾಗಿತ್ತು. ತಮ್ಮನ ಮಗ ಅಲ್ಲಿಯೇ ಕುಳಿತು ಹೇಳಿದ: "ದೊಡ್ಡಪ್ಪಾರ, ನೋಡಾಕ ಬಂದವರು ಫೋಟೋ ಹೊಡಕೊಂಡು ಹೋಗ್ತಾರ್ರಿ. ಬೀಜ, ಗೊಬ್ಬರದ ಸಾಲ ಕೇಳಾವ್ರು ಮಾತ್ರ ನಮ್ಮ ಮನೀಗೇ ಬರ್ತಾರ."

ಹಾಗಾದರೆ ಪಟಾಕಿ ಹಾರಿಸಿ ಓಡಿಸಬಾರದೇಕೆ ಎಂದು ಕೇಳಿದೆವು.

"ಕೆರ್‍ಯಾಗ ನೀರಿದ್ದ ವರ್ಷ ಇವು ಬರ್ತಾವ್ರಿ. ಇವು ಬಂದಾವಂದ್ರ ನಮ್ಮ ಬಾವ್ಯಾಗೂ ನೀರೈತಿ ಅಂತ ತಿಳೀಬೇಕು. ಅಂಥವನ್ನ ಹೊಡದು ಓಡಸೂದು ಹೆಂಗ?"

ಈ ಮಾತು ನಮ್ಮನ್ನು ಚಿಂತನೆಗೆ ಹಚ್ಚಿತು. 2024ರ ಜನವರಿಯಲ್ಲಿ ಮಾಗಡಿ ಕೆರೆ, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಗಳೊಂದಿಗೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ವಾರ್ತೆ ಪ್ರಕಟವಾಯಿತು. ನಾಡಿಗೆ ಇದು ಹೆಮ್ಮೆಯ ಸಂಗತಿ. ಆದರೆ ಆ ಹೆಮ್ಮೆಯ ಹಿಂದೆ ತನ್ನ ಬೆಳೆಯಲ್ಲಿ ಒಂದು ಪಾಲನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟ ಒಕ್ಕಲಿಗನ ಸಹನೆಯಿದೆ. ದಾಸೋಹವೆಂಬುದು ಸ್ವಂತ ದುಡಿಮೆಯಿಂದ ನೀಡುವಂಥದು. ಒಬ್ಬನ ತಟ್ಟೆಯ ಅನ್ನವನ್ನು ಅತಿಥಿಗೆ ಬಡಿಸಿ, ಪುಣ್ಯವನ್ನು ನಮ್ಮ ಹೆಸರಿಗೆ ಬರೆದುಕೊಳ್ಳುವುದು ದಾಸೋಹವೆನಿಸದು. ಆದ್ದರಿಂದ ಆ ಮಗ್ಗುಲಿನ ನಷ್ಟವನ್ನು ನಮ್ಮ ಪಾಲಿಗೆ ಬರುವ ಕಡಲೆಯಲ್ಲಿಯೇ ಮುರಿದುಕೊಳ್ಳುವಂತೆ ತಮ್ಮನ ಮಗನಿಗೆ ತಿಳಿಸಿದೆವು. ಅವನು ಮೊದಲು ಒಪ್ಪಲಿಲ್ಲ. ಕೊನೆಗೆ, "ಅರ್ಧಾ ನಿಮ್ಮದು, ಅರ್ಧಾ ನಂದು" ಎಂದ.

ಬಂಧುಗಳು ಮಾಗಡಿಗೆ ಹೋಗುವುದಾದರೆ ಬಿಸಿಲು ಬಲಿಯುವ ಮುನ್ನವೇ ಹೋಗಬೇಕು. ಆಮೇಲೆ ಈ ಅತಿಥಿಗಳು ಉತ್ತರಕ್ಕೆ ಹೊರಡುತ್ತವೆ. ದಂಡೆಯಲ್ಲಿ ಗದ್ದಲ ಬೇಡ, ಹಕ್ಕಿಯ ಬೆನ್ನುಹತ್ತಿ ಬೆಳೆ ತುಳಿಯುವುದೂ ಬೇಡ. ಬರುವಾಗ ಅಲ್ಲಿಯ ರೈತನ ಕಣದಲ್ಲಿ ನಿಂತು, ಅವನು ಹೇಳಿದ ಬೆಲೆಗೆ ನಾಲ್ಕು ಸೇರು ಕಡಲೆ ಕೊಂಡು ತನ್ನಿರಿ. ಹಕ್ಕಿಗಳು ಉಂಡ ಊಟದ ಋಣದಲ್ಲಿ ನೋಡಿ ನಲಿದ ನಮ್ಮ ಪಾಲೂ ಇದೆ.