ಹೊನ್ನಿನ ಹಳ್ಳದಲ್ಲಿ ಒಂದು ದಿನ

ಹಾವೇರಿಯೆಂದರೆ ಏಲಕ್ಕಿಯ ಮಾಲೆ, ಬ್ಯಾಡಗಿಯೆಂದರೆ ಮೆಣಸಿನಕಾಯಿ, ರಾಣೆಬೆನ್ನೂರೆಂದರೆ ಕೃಷ್ಣಮೃಗಗಳ ಕಾಡು. ಇಷ್ಟನ್ನು ವಾಚಕರೆಲ್ಲರೂ ಬಲ್ಲರು. ಹೊನ್ನಿನ ಮಾತು ಬಂದೊಡನೆ ಮಾತ್ರ ನಾವು 2001ರಲ್ಲಿ ಮುಚ್ಚಿಹೋದ ಕೋಲಾರದ ಗಣಿಗಳನ್ನೇ ನೆನೆಯುತ್ತೇವೆ. ಆದರೆ ಹಾವೇರಿಯ ಮಗ್ಗುಲಲ್ಲಿರುವ ಗಣಜೂರಿನ ನೆಲದೊಳಗೂ ಚಿನ್ನದ ನಿಕ್ಷೇಪವುಂಟು. ಇನ್ನು ಮೂಡಲ ದಿಕ್ಕಿನ ಕಪ್ಪತಗುಡ್ಡದ ಹಳ್ಳಗಳಲ್ಲಿ, ಡೋಣಿ, ಸೊರಟೂರುಗಳ ಸೀಮೆಯಲ್ಲಿ, ಉಸುಕನ್ನು ತೊಳೆದು ಹೊನ್ನಿನ ಕಣ ತೆಗೆಯುವ ಜಾಲಗಾರರು ತಲೆಮಾರುಗಳಿಂದ ಬಾಳಿದವರು. ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟನು ಈ ಗುಡ್ಡದ ಹೊನ್ನಿನ ಶಿಲೆಗಳನ್ನು ಕುರಿತು 1874ರಲ್ಲಿಯೇ ಬರೆದಿದ್ದಾನೆ.

ಅಂತಹ ಮನೆತನದ ವೃದ್ಧರೊಬ್ಬರು ದಾರಿ ತೋರಿಸಲು ಒಪ್ಪಿದುದರಿಂದ ನಾನೂ ನನ್ನ ಸಹಧರ್ಮಿಣಿಯೂ ನಸುಕಿನಲ್ಲಿಯೇ ಬ್ಯಾಡಗಿಯನ್ನು ಬಿಟ್ಟು, ಹಾವೇರಿ, ಗುತ್ತಲಗಳನ್ನು ಹಾದು ಗುಡ್ಡದ ಸೆರಗನ್ನು ಮುಟ್ಟಿದೆವು. ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮ. ಅದರೊಳಗೆ ಕೈಯಾಡಿಸುವಂತಿಲ್ಲವೆಂದು ಅಜ್ಜನವರು ಮೊದಲೇ ಕಟ್ಟುನಿಟ್ಟಾಗಿ ತಿಳಿಸಿ, ಹೊರಗಡೆ ಹೊಲಗಳ ನಡುವಿನ ಹಳ್ಳವೊಂದಕ್ಕೆ, ಹೊಲದವರ ಅಪ್ಪಣೆ ಪಡೆದು ಕರೆದೊಯ್ದರು. ಕಂಕುಳಲ್ಲಿ ಒಂದು ಹಳೆಯ ಮರಿಗೆ. ಅದರ ಅಂಚುಗಳು ಕೈ ತಾಕಿ ತಾಕಿ ನುಣುಪಾಗಿದ್ದವು.

ನಾನು ನೀರಿನ ನಡುವೆ ಹೊಳೆಯುತ್ತಿದ್ದ ಉಸುಕಿಗೆ ಕೈ ಹಾಕಿದೆ. ಅಜ್ಜನವರು ನಕ್ಕು, “ಅದು ಕಾಗೆಬಂಗಾರ, ಸಾಹೇಬರ. ಖರೇ ಬಂಗಾರ ಭಾರ ಇರತೈತಿ, ನೀರು ಸೋತಲ್ಲಿ ಕುಂದರತೈತಿ” ಎಂದರು. ಹಳ್ಳದ ತಿರುವಿನ ಒಳಮಗ್ಗುಲು, ಬಂಡೆಯ ಸಂದು, ಮರದ ಬೇರಿನ ಬುಡ, ಇವು ಅದರ ತಾಣಗಳು. ಚಿನ್ನವು ಸಮಗಾತ್ರದ ನೀರಿಗಿಂತ ಹತ್ತೊಂಬತ್ತು ಪಟ್ಟು ತೂಕವುಳ್ಳದ್ದು. ಸಾಮಾನ್ಯ ಉಸುಕಿನ ಹರಳು ಮೂರು ಪಟ್ಟೂ ಇಲ್ಲ. ಇಷ್ಟು ತಿಳಿದಿದ್ದೂ ನಾನು ಮರಿಗೆಯನ್ನು ಅವಸರದಿಂದ ಓರೆಮಾಡಿ, ಇದ್ದುದೆಲ್ಲವನ್ನೂ ಹಳ್ಳಕ್ಕೆ ಒಪ್ಪಿಸಿದೆನು. ಎರಡನೆಯ ಸಲವೂ ಹಾಗೆಯೇ ಆಯಿತು.

ಆಗ ನನ್ನಾಕೆ ಸೆರಗು ಸಿಕ್ಕಿಸಿ ನೀರಿಗಿಳಿದಳು. ಅಕ್ಕಿ ಜಾಲಿಸಿ ಕಲ್ಲು ತೆಗೆಯುವ ಕೈ ಅದು! ಮರಿಗೆಯನ್ನು ಸುತ್ತಿಸಿ, ಮೆಲ್ಲಗೆ ಬಾಗಿಸಿ, ಹಗುರಾದುದನ್ನು ನೀರಿನೊಡನೆ ಬಿಡುತ್ತ ಹೋದಳು. ಅಡಿಗೆಮನೆಯಲ್ಲಿ ತಳಕ್ಕೆ ಉಳಿದುದನ್ನು ಎಸೆಯುತ್ತೇವೆ. ಇಲ್ಲಿ ಉಳಿದುದೇ ಬೇಕಾದುದು, ವ್ಯತ್ಯಾಸವಿಷ್ಟೆ. ಕೊನೆಗೆ ಒಂದು ಚಿಟಿಕೆ ಕರಿಯ ಕಬ್ಬಿಣದುಸುಕು ನಿಂತಿತು. ಅದರ ಬಾಲದಲ್ಲಿ ಮೂರು ಕಣಗಳು, ರಾಗಿಯ ಕಾಳಿಗಿಂತಲೂ ಬಹಳ ಸಣ್ಣವು, ನೆರಳಿನಲ್ಲಿ ಹಿಡಿದರೂ ಬಣ್ಣಗೆಡದವು.

ಅಜ್ಜನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮವ್ವನ ಕೈ ಕಂಡಂಗಾತು, ತಂಗೀ” ಎಂದರು. ಅವರ ತಾಯಿ ಮಳೆಗಾಲ ಮುಗಿದೊಡನೆ ಹಳ್ಳಕ್ಕಿಳಿದು, ಇಂತಹ ಕಣಗಳನ್ನು ವರ್ಷಗಟ್ಟಲೆ ಕೂಡಿಹಾಕಿ ಒಂದು ಮೂಗುತಿ ಮಾಡಿಸಿಕೊಂಡಿದ್ದಳಂತೆ. ಮಳೆ ಕೈಕೊಟ್ಟ ವರ್ಷ ಅದು ಜೋಳದ ಚೀಲವಾಗಿ ಮನೆಗೆ ಬಂದಿತಂತೆ. ಕಣಗಳನ್ನು ಪಾದರಸದಿಂದ ಕೂಡಿಸಿ ಕಾಸುವುದು ಹಿಂದಿನ ಪದ್ಧತಿ. ಆ ಹೊಗೆ ವಿಷವೆಂಬುದು ಈಗ ತಿಳಿದ ಮಾತು. ಅಜ್ಜನವರು ಪಾದರಸದ ಗೊಡವೆಗೇ ಹೋಗುವುದಿಲ್ಲ. ದಿನವೆಲ್ಲ ತೊಳೆದರೂ ಕೂಲಿಯಷ್ಟು ಗಿಟ್ಟದಿರುವಾಗ ಮಕ್ಕಳು ಈ ಕಸುಬನ್ನು ಬಿಟ್ಟುದು ತಪ್ಪೆಂದು ನನಗೆ ತೋರುವುದಿಲ್ಲ. ಮೊಮ್ಮಗನು ಹುಬ್ಬಳ್ಳಿಯಲ್ಲಿ ದುಡಿಯುತ್ತಾನೆ. ಮರಿಗೆಯನ್ನು ಒಲೆಗೆ ಹಾಕೋಣವೆಂದು ಕಳೆದ ಹಬ್ಬದಲ್ಲಿ ಕೇಳಿದನಂತೆ.

ಮಧ್ಯಾಹ್ನ ಹುಣಿಸೆಯ ನೆರಳಿನಲ್ಲಿ ರೊಟ್ಟಿಯ ಬುತ್ತಿಯನ್ನು ಬಿಚ್ಚಿದೆವು. ಸೊರಟೂರಿನ ಬಯಲಿನಲ್ಲಿ ಹನ್ನೆರಡನೆಯ ಶತಮಾನದ ಕೊನೆಗೆ ಹೊಯ್ಸಳ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಕಾದಾಡಿದ ಸಂಗತಿಯನ್ನು ನಾನು ವಿವರಿಸತೊಡಗಿದೆ. ಅವರಿಬ್ಬರೂ ನನ್ನ ಇತಿಹಾಸವನ್ನು ಬಿಟ್ಟು ಉಸುಕಿನ ಮಾತಿನಲ್ಲಿಯೇ ಮುಳುಗಿದ್ದರು.

ಹೊರಡುವಾಗ ಮೂರು ಕಣಗಳ ಪೊಟ್ಟಣವನ್ನು ಅಜ್ಜನವರು ನಮ್ಮ ಕೈಗಿತ್ತರು. ನನ್ನಾಕೆ ಒಪ್ಪದೆ, “ನಿಮ್ಮ ಮೊಮ್ಮಗಳಿಗಿರಲಿ, ಅಜ್ಜಾರ” ಎಂದು ತಿರುಗಿ ಕೊಟ್ಟಳು. ಅವರು ಕ್ಷಣಕಾಲ ಯೋಚಿಸಿ, ಪೊಟ್ಟಣವನ್ನು ಇಟ್ಟುಕೊಂಡು ಮರಿಗೆಯನ್ನು ಮುಂದೆ ಚಾಚಿದರು.

ಈಗ ಅದು ನಮ್ಮ ಅಡಿಗೆಮನೆಯಲ್ಲಿದೆ. ಅಕ್ಕಿಯನ್ನು ಅದರಲ್ಲಿಯೇ ಜಾಲಿಸುವಳು.